ಗಾಜಿನ ಮೇಲ್ಮೈಯಲ್ಲಿ ಲೇಸರ್ ಕೆತ್ತನೆ: ಹಾನಿಯ ಅಧ್ಯಯನದಲ್ಲಿ ಹುಟ್ಟಿದ ಒಂದು ತಂತ್ರದ ಇತಿಹಾಸ

ಗಾಜಿನ ಮೇಲೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗೆರೆ, ಗುಳಿ, ಉಬ್ಬುಗಳನ್ನು ಮೂಡಿಸುವ ವಿದ್ಯೆ ಲೇಸರಿಗಿಂತ ಬಹಳ ಹಳೆಯದು. 1670ರಲ್ಲಿ ನ್ಯೂರೆಂಬರ್ಗಿನ ಹೈನ್ರಿಕ್ ಶ್ವಾನ್‌ಹಾರ್ಟ್ ಫ್ಲೋರ್‌ಸ್ಪಾರ್ ಖನಿಜ ಮತ್ತು ಆಮ್ಲಗಳ ನೆರವಿನಿಂದ ಗಾಜನ್ನು ಕೊರೆಯುವ ಬಗೆಯನ್ನು ಕಂಡುಕೊಂಡನೆಂದು ಹೇಳಲಾಗಿದೆ. ಶತಮಾನದ ಅನಂತರ, 1771ರಲ್ಲಿ, ಸ್ವೀಡನ್ನಿನ ಶೀಲೆ ಆ ಕ್ರಿಯೆಯ ಹಿಂದಿದ್ದ ಆಮ್ಲವನ್ನು ಪರೀಕ್ಷಿಸಿದನು. 1820ರ ದಶಕದಲ್ಲಿ ಫ್ರೌನ್‌ಹೋಫರ್ ವಜ್ರದ ಮೊನೆಯಿಂದ ಗಾಜಿನ ಮೇಲೆ ಸಮಾಂತರ ರೇಖೆಗಳನ್ನು ಎಳೆದು ವಿವರ್ತನ ಜಾಲಕಗಳನ್ನು ಮಾಡಿದನು. ಜರ್ಮನಿಯ ಬಾರ್ಟ್ ಎಂಬ ಊರಿನ ಎಫ್. ಎ. ನೋಬರ್ಟ್ ಸೂಕ್ಷ್ಮದರ್ಶಕಗಳ ಪರೀಕ್ಷೆಗಾಗಿ ಸಿದ್ಧಪಡಿಸಿದ ಹತ್ತೊಂಬತ್ತು ಪಟ್ಟಿಗಳ ಗಾಜಿನ ಫಲಕದಲ್ಲಿ ಕೊನೆಯ ಪಟ್ಟಿಯ ರೇಖೆಗಳ ನಡುವಣ ಅಂತರ ಸುಮಾರು 0.23 ಮೈಕ್ರೋಮೀಟರ್ ಮಾತ್ರ. ಲೇಸರ್ ಕಿರಣ ಗಾಜಿನ ಮೇಲೆ ತಾನಾಗಿ ಬಿಡಿಸುವ ಅತಿ ಸೂಕ್ಷ್ಮ ಗೆರೆಗಳ ಅಂತರವೂ ಹೆಚ್ಚುಕಡಿಮೆ ಇದೇ ಪ್ರಮಾಣದ್ದು. ಆದ್ದರಿಂದ ಸಣ್ಣದನ್ನು ಮಾಡುವ ಸಾಮರ್ಥ್ಯ ಲೇಸರಿನೊಡನೆಯೇ ಬಂದಿತೆಂಬ ಭಾವನೆ ಸರಿಯಲ್ಲ. ಲೇಸರು ತಂದ ಹೊಸತು ಬೇರೆಯೇ ಆಗಿದೆ. ಅದನ್ನು ಗುರುತಿಸುವುದು, ಹಾಗೂ ಆ ಹೊಸತಿನ ಬೇರು ಎಲ್ಲಿದೆಯೆಂದು ಹುಡುಕುವುದು ಈ ಲೇಖನದ ಉದ್ದೇಶ.

ಗಾಜಿನ ಲೇಸರ್ ಕೆತ್ತನೆಯ ಕಥೆಯನ್ನು ಸಾಮಾನ್ಯವಾಗಿ 1996ರಿಂದ, ಅಂದರೆ ಜಪಾನಿನಲ್ಲಿ ಫೆಮ್ಟೊಸೆಕೆಂಡ್ ಲೇಸರಿನಿಂದ ಗಾಜಿನೊಳಗೆ ಬೆಳಕಿನ ದಾರಿಗಳನ್ನು ಬರೆದ ಪ್ರಯೋಗದಿಂದ ಆರಂಭಿಸುವುದುಂಟು. ಇದು ಅರ್ಧ ಕಥೆ. ಅದಕ್ಕೂ ಮೂವತ್ತು ವರ್ಷಗಳ ಹಿಂದಿನಿಂದ ಲೇಸರು ಗಾಜನ್ನು ಏನು ಮಾಡುತ್ತದೆಂಬುದನ್ನು ಎಚ್ಚರದಿಂದ ಗಮನಿಸುತ್ತಿದ್ದ ಒಂದು ವಿದ್ವತ್ ಸಮೂಹವಿತ್ತು. ಆದರೆ ಆ ಸಮೂಹದ ಗುರಿ ಗಾಜನ್ನು ಕೆತ್ತುವುದಾಗಿರಲಿಲ್ಲ, ಕಾಪಾಡುವುದಾಗಿತ್ತು.

1960ರ ಮೇ 16ರಂದು ಕ್ಯಾಲಿಫೋರ್ನಿಯದ ಮಾಲಿಬುವಿನಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣವನ್ನು ಹೊರಡಿಸಿದನು. ಮರುವರ್ಷವೇ ಎಲಿಯಾಸ್ ಸ್ನಿಟ್ಜರ್ ನಿಯೋಡೈಮಿಯಮ್ ಬೆರೆಸಿದ ಗಾಜಿನ ಸರಳಿನಿಂದ ಲೇಸರ್ ಮಾಡಿ ತೋರಿಸಿದನು. ಹೀಗೆ ಗಾಜು ಲೇಸರಿನ ಒಡಲೇ ಆಯಿತು. ಕಿರಣದ ಶಕ್ತಿ ಹೆಚ್ಚಿದಂತೆ ಆ ಒಡಲು ತಾನೇ ಹೊಮ್ಮಿಸಿದ ಬೆಳಕಿನಿಂದ ಬಿರಿಯತೊಡಗಿತು. 1964ರಲ್ಲಿ ಮೈಕೇಲ್ ಹರ್ಚರ್ ಗಾಜಿನೊಳಗೆ ಕಿರಣದ ಹಾದಿಯುದ್ದಕ್ಕೂ ಎಳೆಯಂತಹ ಹಾನಿಯ ಗುರುತುಗಳನ್ನು ಕಂಡನು. ಪ್ರಬಲವಾದ ಬೆಳಕು ಗಾಜಿನ ವಕ್ರೀಭವನಾಂಕವನ್ನು ಬದಲಿಸಿ ತನ್ನನ್ನು ತಾನೇ ಕೇಂದ್ರೀಕರಿಸಿಕೊಳ್ಳುವುದು ಇದಕ್ಕೆ ಕಾರಣವೆಂದು ಬಳಿಕ ತಿಳಿಯಿತು. ಗಾಜನ್ನು ಕರಗಿಸುವ ಪ್ಲಾಟಿನಮ್ ಮೂಸೆಯಿಂದ ಉದುರಿ ಒಳಗೆ ಉಳಿದ ಲೋಹದ ಕಣಗಳೂ ಬೆಳಕನ್ನು ಹೀರಿ ಕಾದು ಸುತ್ತಲ ಗಾಜನ್ನು ಸೀಳುತ್ತಿದ್ದವು.

ಈ ತೊಂದರೆಗಳ ಪರಿಹಾರಕ್ಕಾಗಿ 1969ರಲ್ಲಿ ಅಮೆರಿಕದ ಬೋಲ್ಡರ್ ನಗರದಲ್ಲಿ ಒಂದು ವಿಚಾರಸಂಕಿರಣ ನಡೆಯಿತು, ಮುಂದೆ ಅದು ವಾರ್ಷಿಕ ಸಮಾವೇಶವಾಗಿ ಬೆಳೆಯಿತು. ಅದರ ನಡಾವಳಿಗಳನ್ನು ಸಂಪಾದಿಸಿದವರಲ್ಲಿ ಒಬ್ಬನ ಹೆಸರು ಅಲೆಕ್ಸಾಂಡರ್ ಗ್ಲಾಸ್, ಅಂದರೆ 'ಗಾಜು'! ಆ ಸಂಪುಟಗಳ ಪ್ರಧಾನ ಶಬ್ದ 'ಹಾನಿ' ಎಂಬುದೇ ಆಗಿದೆ. ಒಂದು ವಿದ್ಯಮಾನಕ್ಕೆ ಮೊದಲು ಇಟ್ಟ ಹೆಸರು ಅದರ ಮುಂದಿನ ದಾರಿಯನ್ನು ಎಷ್ಟರಮಟ್ಟಿಗೆ ಕಟ್ಟಿಹಾಕುತ್ತದೆಂಬುದಕ್ಕೆ ವಿಜ್ಞಾನದ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಹಾಗೆಂದು ಈ ಸಾಹಿತ್ಯವನ್ನು ಕೇವಲ ದೂರುಗಳ ಪಟ್ಟಿಯೆಂದು ತಿಳಿಯಬಾರದು. ಗಾಜಿನ ಫಲಕದ ಮೂಲಕ ಲೇಸರ್ ಹಾದುಹೋದಾಗ ಬೆಳಕು ಒಳಹೊಗುವ ಮುಖಕ್ಕಿಂತ ಹೊರಬರುವ ಮುಖವೇ ಮೊದಲು ಕೆಡುವುದೇಕೆ ಎಂಬ ಒಗಟನ್ನು ತೆಗೆದುಕೊಳ್ಳಬಹುದು. 1972ರಲ್ಲಿ ಕ್ರಿಸ್ಪ್, ಬೋಲಿಂಗ್ ಮತ್ತು ಡ್ಯೂಬೆ ಇದಕ್ಕೆ ಸರಳವಾದ ಉತ್ತರ ನೀಡಿದರು. ಒಳಹೊಗುವ ಮುಖದಲ್ಲಿ ಪ್ರತಿಫಲಿತ ತರಂಗವು ಬರುವ ತರಂಗಕ್ಕೆ ವಿರುದ್ಧವಾಗಿ ನಿಂತು ಅದನ್ನು ತಗ್ಗಿಸುತ್ತದೆ, ಹೊರಬರುವ ಮುಖದಲ್ಲಿ ಅದರೊಡನೆ ಕೂಡಿಕೊಂಡು ಹೆಚ್ಚಿಸುತ್ತದೆ. ವಕ್ರೀಭವನಾಂಕ 1.5 ಇರುವ ಗಾಜಿನಲ್ಲಿ ಹೊರಮುಖದ ತೀವ್ರತೆ ಒಳಮುಖದ ತೀವ್ರತೆಯ 1.44 ಪಟ್ಟಾಗುತ್ತದೆ. ಮರುವರ್ಷ ನಿಕೊಲಾಸ್ ಬ್ಲೂಂಬರ್ಗನ್, ಉಜ್ಜಿ ಹೊಳಪುಗೊಳಿಸಿದ ಗಾಜಿನಲ್ಲಿಯೂ ಉಳಿಯುವ ಅತಿಸೂಕ್ಷ್ಮ ಬಿರುಕು ಮತ್ತು ರಂಧ್ರಗಳ ಬಳಿ ವಿದ್ಯುತ್ ಕ್ಷೇತ್ರ ಹಲವು ಪಟ್ಟು ಹೆಚ್ಚುವುದರಿಂದ ಮೇಲ್ಮೈಯು ಒಡಲಿಗಿಂತ ಬೇಗ ಕೆಡುತ್ತದೆಂದು ವಿವರಿಸಿದನು. ಮೇಲ್ಮೈಯನ್ನು ಕೆತ್ತಬಯಸುವವನಿಗೆ ಬೇಕಾದ ತಿಳಿವಳಿಕೆ ಇದೇ ಅಲ್ಲವೆ? ಬೆಳಕು ಎಲ್ಲಿ ಕೂಡಿಕೊಳ್ಳುತ್ತದೆ, ಯಾವ ತೀವ್ರತೆಯಲ್ಲಿ ಗಾಜು ಮಣಿಯುತ್ತದೆ ಎಂಬುದನ್ನು ಕಾವಲುಗಾರರು ಮೊದಲೇ ಅಳೆದಿಟ್ಟಿದ್ದರು.

ಇನ್ನೂ ಕುತೂಹಲಕರವಾದುದು ಅಲೆಗೆರೆಗಳ ಪ್ರಕರಣ. 1965ರಲ್ಲಿ ಮಿಲ್ಟನ್ ಬರ್ನ್‌ಬಾಮ್ ಮಾಣಿಕ್ಯದ ಲೇಸರಿನಿಂದ ಅರೆವಾಹಕಗಳಿಗಾಗುವ ಹಾನಿಯನ್ನು ವರದಿ ಮಾಡುತ್ತ, ಜರ್ಮೇನಿಯಮ್ಮಿನ ಮೇಲೆ ನೇರವಾದ ಸಮಾಂತರ ರೇಖೆಗಳ ಸಾಲು ಮೂಡಿದುದನ್ನು ದಾಖಲಿಸಿದನು. ಯಾರೂ ಎಳೆಯದ ಗೆರೆಗಳವು. ಅವನು ಅದನ್ನು ವಿವರ್ತನೆಯ ಪರಿಣಾಮವೆಂದು ಬಗೆದನು. 1973ರಲ್ಲಿ ಎಮ್ಮೊನಿ, ಹೌಸನ್ ಮತ್ತು ವಿಲ್ಲಿಸ್ ಬೇರೊಂದು ವಿವರಣೆ ಕೊಟ್ಟರು: ಮೇಲ್ಮೈಯ ಗೀರು, ಧೂಳುಗಳಿಂದ ಚದುರಿದ ಬೆಳಕು ನೇರವಾಗಿ ಬೀಳುವ ಬೆಳಕಿನೊಡನೆ ವ್ಯತಿಕರಣಗೊಂಡು ಪಟ್ಟೆಪಟ್ಟೆಯಾಗಿ ಕಾಯಿಸುತ್ತದೆ. 1981ರಲ್ಲಿ ಟೆಂಪಲ್ ಮತ್ತು ಸೋಯ್ಲೋ ವಿದ್ಯುತ್ ಹರಿಯದ ಪಾರದರ್ಶಕ ವಸ್ತುಗಳಲ್ಲಿ ಗೆರೆಗಳ ಅಂತರವು ವಸ್ತುವಿನೊಳಗಿನ ಬೆಳಕಿನ ತರಂಗಾಂತರಕ್ಕೆ ಹೊಂದುತ್ತದೆಂದು ತೋರಿಸಿದರು. ಸಮಗ್ರ ಸಿದ್ಧಾಂತ ಬಂದುದು 1983ರಲ್ಲಿ, ಕೆನಡಾದ ಟೊರಾಂಟೊದ ಸೈಪ್, ಯಂಗ್, ಪ್ರೆಸ್ಟನ್ ಮತ್ತು ವಾನ್ ಡ್ರಿಯೆಲ್ ಅವರಿಂದ.

ಮೊದಲು ಕಂಡವನು ಬರ್ನ್‌ಬಾಮ್ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕಂಡುದಕ್ಕೂ ಅರಿತುದಕ್ಕೂ ನಡುವೆ ಹದಿನೆಂಟು ವರ್ಷಗಳಿವೆ. ಆ ಅವಧಿಯ ಬಹುತೇಕ ಬರಹಗಳಲ್ಲಿ ಅಲೆಗೆರೆ ಒಂದು ರೋಗಲಕ್ಷಣ. ವಜ್ರದ ಮೊನೆಯಿಲ್ಲದೆ ಜಾಲಕವನ್ನು ಬಿಡಿಸುವ ದಾರಿ ಇದೆಂಬ ನೋಟ ಪ್ರಬಲವಾಗುವುದು ಬಹಳ ತಡವಾಗಿ. ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ ಇದಕ್ಕೆ ಕಾರಣ ಕೇವಲ ದೃಷ್ಟಿದೋಷವಲ್ಲ. ಆ ಕಾಲದ ನ್ಯಾನೊಸೆಕೆಂಡ್ ಮಿಡಿತಗಳು ಗಾಜಿನಲ್ಲಿ ಗೆರೆಯ ಜೊತೆಗೆ ಬಿರುಕನ್ನೂ ತರುತ್ತಿದ್ದವು, ಅದೂ ಎಲ್ಲಿ ಬರುವುದೆಂದು ಹೇಳಲಾಗದಂತೆ. ನಂಬಲಾಗದ ಉಳಿಯನ್ನು ಉಳಿಯೆಂದು ಕರೆಯಲು ಯಾರೂ ಮುಂದಾಗುವುದಿಲ್ಲ.

ಈ ನಡುವೆ ಇನ್ನೊಂದು ದಾರಿ ತೆರೆದಿತ್ತು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ನಿರ್ಮಿಸಿದರು. ಅದರ 10.6 ಮೈಕ್ರೋಮೀಟರ್ ತರಂಗಾಂತರದ ಅವಕೆಂಪು ಬೆಳಕಿಗೆ ಗಾಜು ಪಾರದರ್ಶಕವಲ್ಲ. ಕಿರಣವೆಲ್ಲ ಮೇಲ್ಪದರದಲ್ಲಿಯೇ ಹೀರಲ್ಪಟ್ಟು ಗಾಜು ಮೆದುವಾಗುತ್ತದೆ. ಇದರ ಒಂದು ಪ್ರಯೋಜನವನ್ನು ಇಲ್ಲಿ ತುಸು ವಿಸ್ತಾರವಾಗಿ ಹೇಳಬೇಕು, ಏಕೆಂದರೆ ವಿದ್ವತ್ ಬರಹಗಳಲ್ಲಿ ಅದಕ್ಕೆ ದೊರೆತ ಸ್ಥಾನ ಚಿಕ್ಕದು. ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗುವಾಗ ಓದುವ ಮೊನೆ ಗಾಳಿಯ ತೆಳುಪದರದ ಮೇಲೆ ತೇಲುತ್ತದೆ. ಅಂದಿನ ವಿನ್ಯಾಸದಲ್ಲಿ ತಟ್ಟೆ ನಿಂತಾಗ ಮೊನೆ ಅದರ ಮೇಲೆಯೇ ಕುಳಿತುಕೊಳ್ಳುತ್ತಿತ್ತು. ಮೇಲ್ಮೈ ತೀರ ನುಣುಪಾಗಿದ್ದರೆ ಎರಡೂ ಅಂಟಿಕೊಳ್ಳುತ್ತಿದ್ದವು, ಒರಟಾಗಿದ್ದರೆ ಮೊನೆಯನ್ನು ತಟ್ಟೆಗೆ ಹತ್ತಿರವಾಗಿ ತೇಲಿಸಲಾಗುತ್ತಿರಲಿಲ್ಲ. ಮೊನೆ ಕೂರುವ ಕಿರುವಲಯದಲ್ಲಿ ಮಾತ್ರ ಲೇಸರಿನಿಂದ ಉಬ್ಬುಗಳನ್ನು ಮೂಡಿಸುವ ಉಪಾಯವನ್ನು ರಂಜನ್ ಮತ್ತು ಸಹಲೇಖಕರು 1991ರಲ್ಲಿ ಪ್ರಕಟಿಸಿದರು. ಅದು ಲೋಹಲೇಪಿತ ತಟ್ಟೆಗಳಿಗೆ. ಗಾಜಿನ ತಟ್ಟೆಗಳು ಬಂದಾಗ ಅದೇ ಕೆಲಸಕ್ಕೆ ಪಟೇಲರ ಲೇಸರು ಒದಗಿತು. ಒಂದೊಂದು ಮಿಡಿತಕ್ಕೆ ಒಂದೊಂದು ನುಣುಪಾದ ದಿಬ್ಬ, ಎತ್ತರ ಕೆಲವು ಹತ್ತು ನ್ಯಾನೋಮೀಟರ್.

ಗಾಜನ್ನು ಕಾಯಿಸಿದರೆ ಗುಳಿ ಬೀಳಬೇಕಲ್ಲದೆ ದಿಬ್ಬ ಏಳುವುದೇಕೆ? 1990ರ ದಶಕದ ಉತ್ತರಾರ್ಧದಲ್ಲಿ ಟೆಡ್ ಬೆನೆಟ್, ಕ್ರಾಯ್ನೋವಿಚ್ ಮೊದಲಾದವರು ಇದನ್ನು ಪರಿಶೀಲಿಸಿದರು. ಗಾಜಿನ ಒಳರಚನೆ ಅದು ತಣಿದ ವೇಗವನ್ನು ಅವಲಂಬಿಸಿರುತ್ತದೆ. ಕುಲುಮೆಯಲ್ಲಿ ನಿಧಾನವಾಗಿ ತಣಿದ ಸಾಮಾನ್ಯ ಗಾಜು ಹೆಚ್ಚು ಒತ್ತಾಗಿರುತ್ತದೆ, ಲೇಸರ್ ಮಿಡಿತದ ಬಳಿಕ ಕ್ಷಣಾರ್ಧದಲ್ಲಿ ತಣಿದುದು ಸಡಿಲವಾಗಿ ಉಳಿಯುತ್ತದೆ. ಆ ಹಿಗ್ಗಿದ ಗಾತ್ರವೇ ದಿಬ್ಬ. ಏನನ್ನೂ ಕಿತ್ತು ತೆಗೆಯದೆ, ಏನನ್ನೂ ಸೇರಿಸದೆ ಆಕಾರ ಕೊಡುವ ಈ ಬಗೆಯು ಕೆತ್ತನೆಯೆಂಬ ಪದದ ಅರ್ಥವನ್ನೇ ಹಿಗ್ಗಿಸುತ್ತದೆ. ಮುಂದೆ ಮೊನೆಯನ್ನು ತಟ್ಟೆಯ ಹೊರಗಿನ ಇಳಿಜಾರಿನ ಮೇಲೆ ನಿಲ್ಲಿಸುವ ವಿನ್ಯಾಸ ಬಂದು ಈ ದಿಬ್ಬಗಳ ಅಗತ್ಯವೇ ಇಲ್ಲವಾಯಿತು.

ನಂಬಬಹುದಾದ ಉಳಿ ಸಿಕ್ಕಿದ್ದು ಮಿಡಿತವನ್ನು ಕುಗ್ಗಿಸಿದಾಗ. 1985ರಲ್ಲಿ ರೋಚೆಸ್ಟರಿನಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಮತ್ತು ಜೆರಾರ್ ಮೂರೂ, ಮಿಡಿತವನ್ನು ಮೊದಲು ಹಿಗ್ಗಿಸಿ, ವರ್ಧಿಸಿ, ಮತ್ತೆ ಕುಗ್ಗಿಸುವ ತಂತ್ರವನ್ನು ರೂಪಿಸಿದರು. 2018ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆತುದು ಇದಕ್ಕಾಗಿಯೇ. ವರ್ಧಕದ ಗಾಜು ಹಾನಿಗೊಳ್ಳದಂತೆ ತಪ್ಪಿಸುವುದೇ ಆ ತಂತ್ರದ ಮೂಲ ಪ್ರೇರಣೆಯಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಫೆಮ್ಟೊಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲೊಂದು ಪಾಲು. ಶುದ್ಧ ಸಿಲಿಕಾ ಗಾಜಿನಲ್ಲಿ ಒಂದು ಎಲೆಕ್ಟ್ರಾನನ್ನು ಬಿಡಿಸಲು ಸುಮಾರು 9 ಎಲೆಕ್ಟ್ರಾನ್‌ವೋಲ್ಟ್ ಬೇಕು. 800 ನ್ಯಾನೋಮೀಟರಿನ ಬೆಳಕಿನ ಒಂದು ಕಣದಲ್ಲಿರುವುದು 1.55 ಮಾತ್ರ, ಆದುದರಿಂದ ಆರು ಕಣಗಳು ಒಟ್ಟಿಗೆ ಎರಗಬೇಕು. ಅಷ್ಟು ದಟ್ಟಣೆ ಇರುವುದು ಕಿರಣದ ನಟ್ಟನಡುವೆ ಮಾತ್ರ. ಬಿಸಿ ಸುತ್ತಲೂ ಹರಡುವ ಮೊದಲೇ ಮಿಡಿತ ಮುಗಿದಿರುತ್ತದೆ. ಮಿಚಿಗನ್ನಿನಲ್ಲಿ ಮೂರೂ ಅವರ ಗುಂಪು 1994ರಲ್ಲಿ 7 ನ್ಯಾನೊಸೆಕೆಂಡಿನಿಂದ 150 ಫೆಮ್ಟೊಸೆಕೆಂಡಿನವರೆಗೆ ಗಾಜಿನ ಹಾನಿಮಿತಿಯನ್ನು ಅಳೆಯಿತು. 1995ರಲ್ಲಿ ಲಿವರ್‌ಮೋರಿನ ಸ್ಟುವರ್ಟ್, ಪೆರ್ರಿ ಮತ್ತಿತರರ ಅಳತೆಗಳು ಬಂದವು. ಕಿರುಮಿಡಿತಗಳಲ್ಲಿ ಮಿತಿಯು ಅಚ್ಚುಕಟ್ಟಾಗಿ ಒಂದೆಡೆ ನಿಲ್ಲುತ್ತಿತ್ತು. ಕೆತ್ತನೆಯ ಶಾಸ್ತ್ರ ಬರೆಯಲ್ಪಟ್ಟುದು ಈ ಹಾನಿಯ ಲೆಕ್ಕಗಳಲ್ಲಿಯೇ.

1996ರ ಪ್ರಸಿದ್ಧ ಪ್ರಬಂಧವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಡೇವಿಸ್, ಮಿಯುರಾ, ಸುಗಿಮೊಟೊ ಮತ್ತು ಹಿರಾವೊ ಗಾಜಿನೊಳಗೆ ತಾವು ಬರೆದ ಗೆರೆಗಳನ್ನು ಕರೆದುದು 'ಹಾನಿರೇಖೆ'ಗಳೆಂದೇ. ಬೋಲ್ಡರಿನ ಶಬ್ದ ಮೊದಲ ಬಾರಿಗೆ ಬೇಕಾದ ವಸ್ತುವಿನ ಹೆಸರಾದುದು ಇಂಥಲ್ಲಿ.

ಅಲ್ಲಿಂದ ಮುಂದಿನದು ವೇಗದ ಕಥೆ. 1999ರಲ್ಲಿ ಜಪಾನಿನ ನಿಯಿನೊ, ಯಾಬೆ ಮೊದಲಾದವರು ಗಾಜಿನ ಹಿಂಬದಿಗೆ ಬಣ್ಣದ ದ್ರಾವಣವನ್ನು ತಾಗಿಸಿಟ್ಟು ಅತಿನೇರಳೆ ಕಿರಣದಿಂದ ಆ ಮುಖವನ್ನು ಕೊರೆದರು. 2001ರಲ್ಲಿ ಮಾರ್ಸಿಂಕೆವಿಚ್ಯುಸ್, ಮಿಸಾವಾ ಮತ್ತಿತರರು ಲೇಸರ್ ಹಾದ ಜಾಗವನ್ನು ಹೈಡ್ರೋಫ್ಲೋರಿಕ್ ಆಮ್ಲ ಬೇಗ ತಿನ್ನುತ್ತದೆಂದು ತೋರಿಸಿ ಶ್ವಾನ್‌ಹಾರ್ಟನ ಆಮ್ಲವನ್ನು ಮತ್ತೆ ಕೆಲಸಕ್ಕೆ ಕರೆತಂದರು. 2003ರಲ್ಲಿ ಶಿಮೊತ್ಸುಮಾ, ಕಜಾನ್ಸ್ಕಿ, ಚಿಯು ಮತ್ತು ಹಿರಾವೊ ಗಾಜಿನೊಳಗೆ ತಾನಾಗಿ ಏರ್ಪಡುವ, ಬೆಳಕಿನ ಧ್ರುವೀಕರಣದ ದಿಕ್ಕಿಗೆ ವಿಧೇಯವಾದ ನ್ಯಾನೊಜಾಲಕಗಳನ್ನು ವರದಿ ಮಾಡಿದರು. 2004ರಲ್ಲಿ ಜೋಗ್ಲೇಕರ್, ಹಂಟ್ ಮತ್ತಿತರರು ಹಾನಿಮಿತಿಯ ಅಂಚಿನಲ್ಲಿಯೇ ಕೆಲಸಮಾಡಿ ತರಂಗಾಂತರಕ್ಕಿಂತ ಎಷ್ಟೋ ಚಿಕ್ಕದಾದ, ಹತ್ತಾರು ನ್ಯಾನೋಮೀಟರಿನ ಗುಳಿಗಳನ್ನು ಗಾಜಿನ ಮೇಲೆ ತೋಡಿದರು. 2012ರಲ್ಲಿ ಬರ್ಲಿನ್ನಿನ ಹ್ಯೋಮ್, ಬೋನ್ಸೆ ಮತ್ತಿತರರು ಸಿಲಿಕಾ ಮೇಲ್ಮೈಯಲ್ಲಿ ಎರಡು ಬಗೆಯ ಅಲೆಗೆರೆಗಳನ್ನು ವಿಂಗಡಿಸಿದರು: 500ರಿಂದ 800 ನ್ಯಾನೋಮೀಟರ್ ಅಂತರದವು ಧ್ರುವೀಕರಣಕ್ಕೆ ಸಮಾಂತರ, 200ರಿಂದ 400ರವು ಅದಕ್ಕೆ ಲಂಬ. ಲೇಸರಿನ ಹೊಸತು ಇಲ್ಲಿ ಸ್ಪಷ್ಟವಾಗುತ್ತದೆ. ನೋಬರ್ಟನ ಗೆರೆಯ ದಿಕ್ಕನ್ನು ನಿರ್ಧರಿಸಿದ್ದು ಯಂತ್ರದ ತಿರುಪು, ಇಲ್ಲಿ ನಿರ್ಧರಿಸುವುದು ಬೆಳಕಿನ ಸ್ವಭಾವ.

ಅದೇ 2012ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಅಶೋಕನ್ ಅವರ ಗುಂಪು, ಎಡಿನ್‌ಬರೊದ ಅಜಯ್ ಕರ್ ಅವರ ಗುಂಪಿನೊಡನೆ ಕೂಡಿ, ಎರ್ಬಿಯಮ್ ಬೆರೆಸಿದ ಚಾಲ್ಕೊಜೆನೈಡ್ ಗಾಜಿನಲ್ಲಿ ಇದೇ ಬಗೆಯ ಲೇಸರಿನಿಂದ ಬೆಳಕಿನ ವರ್ಧಕವನ್ನು ಬರೆದುದನ್ನು ಪ್ರಕಟಿಸಿತು. ಅದು ಮೇಲ್ಮೈಯ ಕೆತ್ತನೆಯಲ್ಲ, ಒಡಲಿನ ಬರವಣಿಗೆ. ಆದರೂ ಈ ಪರಂಪರೆಯೊಡನೆ ಕರ್ನಾಟಕಕ್ಕಿರುವ ನಿಜವಾದ ನಂಟಾಗಿ ಅದನ್ನು ಇಲ್ಲಿ ನಮೂದಿಸುವುದು ಉಚಿತ.

ಕಾವಲುಗಾರರ ಕೆಲಸವೇನೂ ನಿಂತಿಲ್ಲ. ಲಿವರ್‌ಮೋರಿನಲ್ಲಿ 2009ರಲ್ಲಿ ಉದ್ಘಾಟನೆಗೊಂಡ 192 ಕಿರಣಗಳ ಬೃಹತ್ ಲೇಸರಿನಲ್ಲಿ ಕೊನೆಯ ಸಿಲಿಕಾ ಮಸೂರಗಳು ಅತಿನೇರಳೆ ಬೆಳಕಿನ ಹೊಡೆತಕ್ಕೆ ಕೆಡುತ್ತವೆ, ಮುಖ್ಯವಾಗಿ ಬೆಳಕು ಹೊರಬರುವ ಮುಖದಲ್ಲಿ. ಕೆಟ್ಟ ಮಸೂರವನ್ನು ಹೊರತೆಗೆದು, ಆ ಸಣ್ಣ ಬಿರುಕನ್ನು ಇಂಗಾಲದ ಡೈಆಕ್ಸೈಡ್ ಲೇಸರಿನಿಂದ ಸವೆಸಿ, ಅಲ್ಲಿ ನುಣುಪಾದ ಶಂಕುವಿನಾಕಾರದ ಗುಳಿಯನ್ನು ಮಾಡಿ, ಮಸೂರವನ್ನು ಮತ್ತೆ ಅದರ ಜಾಗದಲ್ಲಿ ಕೂರಿಸುತ್ತಾರೆ.