ಏರಿನಲ್ಲಷ್ಟೇ ಮುಗ್ಗರಿಸುವ ಎಂಜಿನ್

1925ರ ಏಪ್ರಿಲ್‌ನಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿನ ಹಿಂಬದಿಗೆ ಉಕ್ಕಿನ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರಾಟಕ್ಕಿಟ್ಟಿತು. ಕಾರ್ಖಾನೆಯಿಂದಲೇ ಸಿದ್ಧವಾಗಿ ಬಂದ ಫೋರ್ಡಿನ ಮೊದಲ ಪಿಕಪ್ ಅದು. ಮನೆಮಂದಿಯ ಓಡಾಟಕ್ಕೆಂದು ಹುಟ್ಟಿದ 20 ಅಶ್ವಶಕ್ತಿಯ ಎಂಜಿನ್ ಈಗ ಹೇರು ಹೊರಬೇಕಾಯಿತು. ಹೇರು ಹೊತ್ತು ಏರು ಹತ್ತುವಾಗಲೇ ಎಂಜಿನ್ನಿನ ಹುಳುಕು ಹೊರಬೀಳುವುದು.

ಆಗ ರೋಗ ಪತ್ತೆಗೆ ಬೆರಳೇ ಸಾಕಿತ್ತು. ಮಾಡೆಲ್ ಟಿಯಲ್ಲಿ ಸಿಲಿಂಡರಿಗೊಂದರಂತೆ ನಾಲ್ಕು ಕಾಯಿಲ್‌ಗಳು ಒಂದು ಪೆಟ್ಟಿಗೆಯೊಳಗಿದ್ದವು. ಪ್ರತಿ ಕಾಯಿಲಿನ ನೆತ್ತಿಯ ಮೇಲೂ ಗುಂಯ್ಗುಡುತ್ತ ಅದುರುವ ಒಂದು ಪಟ್ಟಿ. ಮುಚ್ಚಳ ತೆಗೆದು, ಎಂಜಿನ್ ಓಡುತ್ತಿರುವಾಗಲೇ ಒಂದು ಪಟ್ಟಿಯನ್ನು ಒತ್ತಿ ಹಿಡಿದರೆ ಆ ಸಿಲಿಂಡರಿಗೆ ಕಿಡಿ ನಿಲ್ಲುತ್ತಿತ್ತು. ಸದ್ದು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ ಎಂದು ಅರ್ಥ. ಒತ್ತಿದರೂ ಬಿಟ್ಟರೂ ಸದ್ದು ಬದಲಾಗದಿದ್ದರೆ ಮಿಸ್ ಹೊಡೆಯುತ್ತಿರುವುದು, ಅಂದರೆ ಉರಿಯದೆ ತಪ್ಪುತ್ತಿರುವುದು, ಅದೇ. ನಮ್ಮ ಹಳೇ ಟ್ರ್ಯಾಕ್ಟರ್ ಮೆಕ್ಯಾನಿಕ್ಕುಗಳು ಇಂಜೆಕ್ಟರ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಕಿವಿಗೊಡುವುದೂ ಇದೇ ಲೆಕ್ಕ. ಡೀಸೆಲಿನಲ್ಲಿ ಕಿಡಿಯಿಲ್ಲ, ಹಾಗಾಗಿ ಎಣ್ಣೆ ತಡೆಯುತ್ತಾರೆ, ಅಷ್ಟೇ.

ಆದರೆ ಈ ಉಪಾಯ ನಿಂತ ಗಾಡಿಗೆ ಸರಿ. ಶೆಡ್ಡಿನಲ್ಲಿ ಸದ್ದಿಲ್ಲದೆ ಓಡುವ ಎಂಜಿನ್ ಏರಿನಲ್ಲಷ್ಟೇ ಯಾಕೆ ಮುಗ್ಗರಿಸಬೇಕು? ಉತ್ತರ 1889ರಲ್ಲೇ ಸಿಕ್ಕಿತ್ತು. ಅನಿಲದ ಒತ್ತಡ ಮತ್ತು ಎರಡು ತುದಿಗಳ ನಡುವಿನ ಅಂತರವನ್ನು ಗುಣಿಸಿದರೆ, ಅಲ್ಲಿ ಕಿಡಿ ಹಾರಲು ಎಷ್ಟು ವೋಲ್ಟೇಜ್ ಬೇಕೆಂದು ತಿಳಿಯುತ್ತದೆ ಎಂದು ಜರ್ಮನಿಯ ಫ್ರೆಡ್ರಿಕ್ ಪಾಶೆನ್ ಆ ವರ್ಷ ತೋರಿಸಿದ್ದ. ಆಕ್ಸಿಲರೇಟರ್ ಒತ್ತಿದಂತೆ ಸಿಲಿಂಡರಿಗೆ ಗಾಳಿ ಹೆಚ್ಚು ನುಗ್ಗುತ್ತದೆ, ಒತ್ತಡ ಏರುತ್ತದೆ, ಕಿಡಿಗೆ ಬೇಕಾದ ವೋಲ್ಟೇಜೂ ಏರುತ್ತದೆ. ಸವೆದ ಪ್ಲಗ್ಗಿನಲ್ಲಿ ಅಂತರವೂ ಹಿಗ್ಗಿರುತ್ತದೆ. ಆಗ ವಿದ್ಯುತ್ತು ಪ್ಲಗ್ಗಿನ ತುದಿಗೆ ಹೋಗುವ ಬದಲು, ಪ್ಲಗ್ ವೈರಿನ ಬಿರುಕುಬಿಟ್ಟ ರಬ್ಬರಿನ ಸಂದಿಯಿಂದ ಎಂಜಿನ್ನಿನ ಮೈಗೇ ಹಾರಿಬಿಡುತ್ತದೆ.

1910ರ ಕ್ಯಾಡಿಲಾಕ್ ಕಾರುಗಳಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ ಮುಂದೆ ಪಾಯಿಂಟ್, ಕಂಡೆನ್ಸರ್, ಡಿಸ್ಟ್ರಿಬ್ಯೂಟರ್‌ಗಳ ರೂಪದಲ್ಲಿ ದಶಕಗಟ್ಟಲೆ ಆಳಿತು. ಇಂಥ ಸೋರಿಕೆ ಹಿಡಿಯಲು ಆ ಕಾಲದ ಮೆಕ್ಯಾನಿಕ್ಕುಗಳು ಕಂಡುಕೊಂಡ ಒಂದು ಪರೀಕ್ಷೆಗೆ ಇವತ್ತಿಗೂ ಬೆಲೆಯಿದೆ. ಕತ್ತಲಲ್ಲಿ ಬಾನೆಟ್ ತೆಗೆದು, ಎಂಜಿನ್ ಓಡುತ್ತಿರುವಾಗ ಪ್ಲಗ್ ವೈರುಗಳ ಮೇಲೆ ನೀರು ಚಿಮುಕಿಸಿದರೆ ಸೋರುವ ಕಡೆ ನೀಲಿ ಗೆರೆ ಮಿಂಚುತ್ತದೆ. ಕೈ ದೂರವಿರಲಿ!

ಲೋಡನ್ನು ಶೆಡ್ಡಿನೊಳಕ್ಕೇ ತರುವುದಕ್ಕೆ ದಾರಿ ಮಾಡಿದ್ದು ಆಸಿಲೋಸ್ಕೋಪ್. 1960ರ ದಶಕದ ಹೊತ್ತಿಗೆ ಅಮೆರಿಕದ ಗ್ಯಾರೇಜುಗಳಲ್ಲಿ ಸನ್ ಕಂಪನಿಯ ದೊಡ್ಡ ಯಂತ್ರಗಳು ನೆಲೆಯೂರಿದ್ದವು. ಒಂದೊಂದು ಸಿಲಿಂಡರಿಗೆ ಬೇಕಾದ ವೋಲ್ಟೇಜ್ ಪರದೆಯ ಮೇಲೆ ಒಂದೊಂದು ಗೆರೆಯಾಗಿ ಎದ್ದು ನಿಲ್ಲುತ್ತಿತ್ತು. ಆಕ್ಸಿಲರೇಟರನ್ನು ಫಕ್ಕನೆ ಒತ್ತಿ ಬಿಟ್ಟರೆ ಆ ಒಂದು ಕ್ಷಣ ಎಂಜಿನ್ನಿಗೆ ಏರು ಹತ್ತಿದ ಸ್ಥಿತಿ. ಉಳಿದವಕ್ಕಿಂತ ಒಂದು ಗೆರೆ ಮಾತ್ರ ಎತ್ತರಕ್ಕೆ ನೆಗೆದರೆ ಆ ಪ್ಲಗ್ ಅಥವಾ ವೈರು ಅನುಮಾನದ ಪಟ್ಟಿಗೆ ಸೇರುತ್ತಿತ್ತು. ಈ ಕಸುಬಿನ ಇತಿಹಾಸದಲ್ಲಿ ಇಷ್ಟು ಚೆಂದದ ಪರೀಕ್ಷೆ ಇನ್ನೊಂದು ಬಂದಿಲ್ಲ.

ಮುಂದಿನ ತಿರುವು ಬಂದದ್ದು ಹೊಗೆಯ ಚಿಂತೆಯಿಂದ. ಸುಡದ ಪೆಟ್ರೋಲು ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದರೆ ಕನ್ವರ್ಟರೇ ಕರಗಿ ಹೋಗಬಹುದು. ಹಾಗಾಗಿ 1996ರಿಂದ ಅಮೆರಿಕದಲ್ಲಿ ಕಾರು, ಸಣ್ಣ ಟ್ರಕ್ಕುಗಳಿಗೆ ಕಡ್ಡಾಯವಾದ ಒಬಿಡಿ-2 ವ್ಯವಸ್ಥೆ ಮಿಸ್‌ಫೈರ್ ಮೇಲೆ ಸದಾ ಕಣ್ಣಿಟ್ಟಿತು. ಪ್ರತಿ ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್ ಶಾಫ್ಟಿಗೆ ಒಂದು ಸಣ್ಣ ತಳ್ಳು ಸಿಗುತ್ತದೆ. ಆ ತಳ್ಳು ತಪ್ಪಿದ್ದನ್ನು ಕಂಪ್ಯೂಟರ್ ಎಣಿಸುತ್ತದೆ. ನಾಲ್ಕನೇ ಸಿಲಿಂಡರ್ ತಪ್ಪಿದರೆ ಪಿ0304 ಎಂಬ ಕೋಡು. ಕನ್ವರ್ಟರಿಗೇ ಕುತ್ತು ಬರುವಷ್ಟಾದರೆ ಚೆಕ್ ಎಂಜಿನ್ ದೀಪ ಮಿನುಗುತ್ತದೆ.

ಎಲ್ಲಿ ಎಂಬುದಕ್ಕೆ ಉತ್ತರ ಸಿಕ್ಕಿತು, ಯಾಕೆ ಎಂಬುದಕ್ಕೆ ಸಿಗಲಿಲ್ಲ. 1997ರ ಫೋರ್ಡ್ ಎಫ್-150ಯ 5.4 ಲೀಟರಿನ ಟ್ರೈಟನ್ ವಿ8 ಇದಕ್ಕೆ ಒಳ್ಳೆಯ ಸಾಕ್ಷಿ. ಅದರಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ; ಆಳದ ಗುಂಡಿಗಳಲ್ಲಿ ಕೂತ ಎಂಟು ಪ್ಲಗ್, ಮೇಲೆ ಎಂಟು ಕಾಯಿಲ್. ಎಂಜಿನ್ ತೊಳೆದ ನೀರೋ ಸೋರಿದ ಕೂಲಂಟೋ ಗುಂಡಿಗಿಳಿದರೆ ಕಿಡಿ ದಾರಿ ತಪ್ಪುತ್ತದೆ. ಪಿ0304 ಬಂದಾಗ ನಾಲ್ಕರ ಕಾಯಿಲನ್ನು ಎರಡಕ್ಕೆ ಹಾಕಿ ಓಡಿಸಿ ನೋಡುತ್ತಾರೆ. ಕೋಡು ಪಿ0302 ಆದರೆ ತಪ್ಪು ಕಾಯಿಲಿನದು. ಪಿ0304 ಆಗಿಯೇ ಉಳಿದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ನೋಡಬೇಕು. ಒಂದೇ ಸಿಲಿಂಡರಿಗೆ ನಿಲ್ಲದೆ ಏರಿನಲ್ಲಿ ಎಲ್ಲವೂ ತಪ್ಪುತ್ತಿದ್ದರೆ ಮೊದಲ ಅನುಮಾನ ಕಟ್ಟಿಕೊಂಡ ಫ್ಯೂಯಲ್ ಫಿಲ್ಟರ್ ಇಲ್ಲವೇ ದಣಿದ ಪಂಪಿನ ಮೇಲೆ.

ಇನ್ನೊಂದು ವೇಷಧಾರಿ ಇದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಟಾರ್ಕ್ ಕನ್ವರ್ಟರಿನ ಕ್ಲಚ್ ಜಾರಿದಾಗಲೂ ಗಾಡಿ ಥೇಟ್ ಮಿಸ್ ಹೊಡೆದಂತೆಯೇ ನಡುಗುತ್ತದೆ. ಸ್ಕ್ಯಾನರಿನಲ್ಲಿ ಮಿಸ್‌ಫೈರ್ ಎಣಿಕೆ ಸೊನ್ನೆಯಲ್ಲೇ ಇದ್ದು ನಡುಕ ಮಾತ್ರ ಬರುತ್ತಿದ್ದರೆ, ಎಂಟು ಕಾಯಿಲಿಗೆ ದುಡ್ಡು ಸುರಿಯುವ ಮುನ್ನ ಗೇರ್‌ಬಾಕ್ಸಿನ ಎಣ್ಣೆಯ ಕಡೆ ನೋಡಿ.