ಕೊಳಗ ಒಡೆಯರದ್ದು, ರಸೀದಿ ಎಲ್ಲಿ?

ಪುಣೆಯಲ್ಲೋ ಹೈದರಾಬಾದಲ್ಲೋ ಕೂತು ಊರಿನ ಪಹಣಿಯನ್ನ ಮೊಬೈಲಲ್ಲೇ ತೆಗೆದು ನೋಡ್ತೀವಲ್ಲ, ಅದರಲ್ಲಿ ಸಾಗುವಳಿದಾರರ ಕಾಲಂ ಗಮನಿಸಿದ್ದೀರಾ? ಉಳುವವನ ಹೆಸರು ಹಾಗೆ ಕಾಗದದ ಮೇಲೆ ಬರೋದು ಎಷ್ಟು ಕಷ್ಟದ ಕೆಲಸ ಆಗಿತ್ತು ಅನ್ನೋದೇ ಇವತ್ತಿನ ವಿಷಯ.

ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕಿನ ಕಾಗೋಡು. ಗದ್ದೆ ಒಡೆಯರದ್ದು, ಗೇಣಿಗೆ ಉಳುತ್ತಿದ್ದವರಲ್ಲಿ ಹೆಚ್ಚಿನವರು ದೀವರು. ಗೇಣಿ ಕೊಡೋದು ಭತ್ತದಲ್ಲಿ, ಅಳೆಯೋದು ಕೊಳಗದಲ್ಲಿ. ಆ ಕೊಳಗ ಯಾರ ಮನೇದು? ಒಡೆಯರ ಮನೇದು! ಗೇಣಿ ವಸೂಲಿಗೆ ದೊಡ್ಡ ಕೊಳಗ ಬಳಸ್ತಾರೆ ಅನ್ನೋದು ರೈತರ ದೂರು. ಅಳೆದುಕೊಟ್ಟ ಮೇಲೆ ರಸೀದಿ ಕೂಡ ಇಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ, ಪೇಮೆಂಟ್ ಆಗಿದೆ, ಆದರೆ ಲಾಗ್ ಇಲ್ಲ. ಕಟ್ಟಿಲ್ಲ ಅಂತ ನಾಳೆ ಹೇಳಿದ್ರೆ ತೋರಿಸೋಕೆ ಏನೂ ಇರಲ್ಲ. ಇದರ ಮೇಲೆ ಒಡೆಯರ ಮನೆಯ ಬಿಟ್ಟಿ ಚಾಕರಿ ಬೇರೆ. ಅದಕ್ಕೆ ಕೂಲಿಯ ಮಾತೇ ಇಲ್ಲ.

ಎಚ್. ಗಣಪತಿಯಪ್ಪನವರು ರೈತರನ್ನ ಸಂಘಟಿಸಿದರು. ಸರಿಯಾದ ಅಳತೆ ಬೇಕು, ರಸೀದಿ ಬೇಕು, ಬಿಟ್ಟಿ ಕೆಲಸ ನಿಲ್ಲಬೇಕು. ಕೇಳಿದ್ದು ಇಷ್ಟೇ, ಭೂಮಿ ಅಲ್ಲ! ಆದರೆ ಕೇಳಿದವರಿಗೆ ಗದ್ದೆಯೇ ತಪ್ಪಿತು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯ್ತು. ತಾವು ಉಳುತ್ತಿದ್ದ ಗದ್ದೆಗೇ ನೇಗಿಲು ಹಿಡಿದು ಇಳಿದವರನ್ನ ಪೊಲೀಸರು ಬಂಧಿಸಿದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಅವರೂ ಬಂಧನಕ್ಕೊಳಗಾದರು. ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು ಬೆಳೆದದ್ದು ಈ ಹೋರಾಟದಲ್ಲೇ.

ಕಾನೂನು ಬರೋಕೆ ಇನ್ನೂ ಎರಡು ದಶಕ ಹಿಡೀತು. ದೇವರಾಜ ಅರಸು ಕಾಲದ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರದ್ದಾಯ್ತು. ಗೇಣಿದಾರ ನಮೂನೆ 7 ತುಂಬಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಅಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ನನಗಂತೂ ಈ ನಿಯಮ ಇಷ್ಟ. ವಕೀಲರಿಗೆ ಫೀಸು ಕೊಡೋ ತಾಕತ್ತು ಎರಡೂ ಕಡೆ ಒಂದೇ ಇರಲ್ಲ. ಆದರೆ 1987ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನ ಎತ್ತಿಹಿಡಿದು, ಈ ನಿರ್ಬಂಧವನ್ನ ಮಾತ್ರ ಹೊಡೆದುಹಾಕ್ತು.

ಮಂಡಳಿ ಮುಂದೆ ಮತ್ತೆ ಬಂದದ್ದು ಅದೇ ಹಳೇ ತಲೆನೋವು. ನೀನೇ ಉಳುತ್ತಿದ್ದೆ ಅನ್ನೋದಕ್ಕೆ ಸಾಕ್ಷಿ ಏನು? ಪಹಣಿಯಲ್ಲಿ ಹೆಸರಿದ್ದವನು ಅದನ್ನ ತೋರಿಸಿದ. ಬಾಯಿಮಾತಿನ ಗೇಣಿಯವನು ಅಕ್ಕಪಕ್ಕದ ಗದ್ದೆಯವರನ್ನ ಕರ್ಕೊಂಡು ಹೋಗಿ ನಿಲ್ಲಿಸಿದ. ಆ ಅಕ್ಕಪಕ್ಕದವರಲ್ಲಿ ಕೆಲವರು ಆಗಲೂ ಅದೇ ಒಡೆಯರ ಮನೆಯ ಸಾಲದಲ್ಲಿ ಇದ್ದವರು.