ಸೂಚಿಯಳಿದ ಡಿಸ್ಕು ಮತ್ತು ಕಲ್ಯದ ಶಾಸನ: ಪ್ರತಿರಕ್ಷಣೆಯ ಒಂದು ವಿಚಾರ

ವಿಜಯನಗರದ ಬುಕ್ಕರಾಯನು ಜೈನರಿಗೂ ಶ್ರೀವೈಷ್ಣವರಿಗೂ ಸಂಧಾನ ಮಾಡಿಸಿದ ಶಕ 1290ರ (ಕ್ರಿ.ಶ. 1368) ಶಾಸನ ವಿದ್ವಾಂಸರೆಲ್ಲರಿಗೂ ಪರಿಚಿತವಾದುದು. ಶ್ರವಣಬೆಳಗೊಳದ ಕಲ್ಲೇ ಹೆಚ್ಚಾಗಿ ಉಲ್ಲೇಖಗೊಳ್ಳುತ್ತ ಬಂದಿದೆ. ಆದರೆ ಅದೇ ಒಡಂಬಡಿಕೆಯ ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ. ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅದು ಮಾಗಡಿಯ 18ನೆಯ ಶಾಸನ. ಶಾಸನದಲ್ಲಿ ಕಲ್ಲೆಹವೆಂದು ಕರೆಯಲ್ಪಟ್ಟ ಊರೇ ಇದು. ರಾಯನಿಗೆ ಮೊರೆಯಿಟ್ಟ ಭವ್ಯಜನರಲ್ಲಿ ಈ ಪಟ್ಟಣದವರೂ ಇದ್ದರು. ಮುಂದೆ ರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆತಂದು, ಜೀರ್ಣೋದ್ಧಾರ ಮಾಡಿಸಿ, ಉಭಯ ಸಮಯಗಳಿಂದ ಸಂಘನಾಯಕ ಪಟ್ಟ ಪಡೆದ ಬುಸುವಿ ಸೆಟ್ಟಿಯೂ ಇದೇ ಕಲ್ಲೆಹದವನು. ರಾಜ್ಯದ ಬಸದಿಗಳಿಗೆಲ್ಲ ಶ್ರೀವೈಷ್ಣವರೇ ಶಾಸನವನ್ನು ನೆಡಿಸಿ ಪಾಲಿಸತಕ್ಕದ್ದೆಂಬ ವಿಧಿ ಆ ಪಾಠದಲ್ಲಿಯೇ ಇದೆ. ಒಂದೇ ಪಾಠ ಹಲವು ಕಡೆ, ದೂರ ದೂರದಲ್ಲಿ ಇರಬೇಕೆಂಬುದು ಆ ಕಾಲದವರಿಗೆ ತಿಳಿದಿತ್ತು.

ಈ ಸಂಗತಿಯನ್ನು ಇಲ್ಲಿ ಎತ್ತಿದುದಕ್ಕೆ ಕಾರಣವಿದೆ. ಇಂದು ತಾಡಪತ್ರಗಳ ಛಾಯಾಪ್ರತಿಗಳು ಗಣಕಯಂತ್ರದ ಡಿಸ್ಕುಗಳನ್ನು ಸೇರಿವೆ. ಇಪ್ಪತ್ತು ವರ್ಷ ಕಪಾಟಿನಲ್ಲಿದ್ದ ಡಿಸ್ಕನ್ನು ಜೋಡಿಸಿದಾಗ ಒಳಗೆ ಏನೂ ಇಲ್ಲವೆಂದು ಯಂತ್ರ ಹೇಳುವುದುಂಟು. ಅಷ್ಟರಿಂದಲೇ ಗ್ರಂಥ ನಷ್ಟವಾಯಿತೆಂದು ಭಾವಿಸಬೇಕಾಗಿಲ್ಲ. ಡಿಸ್ಕಿನಲ್ಲಿ ವಸ್ತು ಬೇರೆ, ವಸ್ತುವಿನ ಸೂಚಿ ಬೇರೆ. ಯಾವ ಕಡತ ಯಾವ ಭಾಗದಲ್ಲಿ ಮೊದಲಾಗಿ ಎಲ್ಲೆಲ್ಲಿ ಮುಂದುವರಿಯುತ್ತದೆಂಬ ಲೆಕ್ಕವೇ ಈ ಸೂಚಿ. ಇದನ್ನೂ ಇದರ ನಿಯಮಗಳನ್ನೂ ಸೇರಿಸಿ ಫೈಲ್ ಸಿಸ್ಟಂ ಎನ್ನುತ್ತಾರೆ. ಸೂಚಿ ಕೆಟ್ಟ ಡಿಸ್ಕು ದಾರ ಹರಿದ ಓಲೆಯ ಕಟ್ಟಿನಂತೆ: ಗರಿಗಳು ಇವೆ, ಅನುಕ್ರಮವಿಲ್ಲ. 1977ರಲ್ಲಿ ಹುಟ್ಟಿದ ಫ್ಯಾಟ್ ಎಂಬ ವ್ಯವಸ್ಥೆಯಲ್ಲಂತೂ ಕಡತವನ್ನು ಅಳಿಸಿದರೆ ಅದರ ಹೆಸರಿನ ಮೊದಲ ಅಕ್ಷರ ಮಾತ್ರ ಬದಲಾಗಿ, ಅದು ಇದ್ದ ಸ್ಥಳ ಖಾಲಿಯೆಂದು ಗುರುತಾಗುತ್ತದೆ. ಅದರ ಮೇಲೆ ಬೇರೊಂದು ಬರೆಹ ಬೀಳುವವರೆಗೂ ವಸ್ತು ಅಲ್ಲಿಯೇ ಇರುತ್ತದೆ.

ಆದುದರಿಂದ ಕೆಟ್ಟ ಡಿಸ್ಕಿನ ಮೇಲೆ ಏನನ್ನೂ ಬರೆಯಕೂಡದೆಂಬುದು ಮೊದಲ ನಿಯಮ. ಯಂತ್ರವು ತಾನಾಗಿಯೇ ಸರಿಪಡಿಸಲೇ ಎಂದು ಕೇಳಿದಾಗ ಒಪ್ಪಿಬಿಡುವುದೇ ಹೆಚ್ಚಿನ ಅನಾಹುತಗಳಿಗೆ ಮೂಲ. ಆ ದುರಸ್ತಿಯೂ ಬರೆಹವೇ ಅಲ್ಲವೆ? ಮೊದಲು ಡಿಸ್ಕಿನ ಆದ್ಯಂತ ಪಡಿಯಚ್ಚನ್ನು ಇನ್ನೊಂದು ಡಿಸ್ಕಿಗೆ ತೆಗೆಯಬೇಕು. ಇದಕ್ಕಾಗಿ ಬಳಸುವ ಡಿಡಿರೆಸ್ಕ್ಯೂ ಎಂಬ ಕ್ರಮವಿಧಿಯು ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಹಾಳಾದ ಎಡೆಗಳನ್ನು ಟಿಪ್ಪಣಿ ಮಾಡಿಟ್ಟು, ಅವುಗಳಿಗೆ ಕೊನೆಯಲ್ಲಿ ಮರಳುತ್ತದೆ. ತ್ರುಟಿತ ಪ್ರತಿಯನ್ನು ನಕಲು ಮಾಡುವ ಲಿಪಿಕಾರನು ಓದಲಾಗದ ಕಡೆ ಸ್ಥಳ ಬಿಟ್ಟು ಮುಂದುವರಿಯುವ ಕ್ರಮವೇ ಇದು. ಶೋಧನೆಯೆಲ್ಲ ಆಮೇಲೆ, ಪಡಿಯಚ್ಚಿನ ಮೇಲೆ.

ಇನ್ನು ಸೂಚಿಯ ಪುನಃಸ್ಥಾಪನೆ. ಫ್ಯಾಟ್ ವ್ಯವಸ್ಥೆಯು ಸಾಮಾನ್ಯವಾಗಿ ತನ್ನ ಕೋಷ್ಟಕದ ಎರಡು ಪ್ರತಿಗಳನ್ನು ಇಡುತ್ತದೆ. ಆದರೆ ಎರಡನ್ನೂ ಒತ್ತಿನಲ್ಲಿಯೇ ಇಡುತ್ತದೆ. ಒಂದಕ್ಕೆ ತಗುಲಿದ ಪೆಟ್ಟು ಇನ್ನೊಂದಕ್ಕೂ ತಗುಲುವುದು ಸಹಜ. ಬರ್ಕ್ಲಿಯ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ವ್ಯವಸ್ಥೆಯಲ್ಲಿ ಮೂಲ ವಿವರಗಳ ಪ್ರತಿಗಳನ್ನು ಡಿಸ್ಕಿನುದ್ದಕ್ಕೂ ಚದುರಿಸಿದರು. ಡಿಸ್ಕಿನ ಯಾವುದೇ ಒಂದು ಭಾಗ ನಾಶವಾದರೂ ಒಂದು ಪ್ರತಿಯಾದರೂ ಉಳಿಯಲೆಂಬುದೇ ಅವರ ಉದ್ದೇಶ. ಬೆಳಗೊಳದಲ್ಲಿಯೇ ಎರಡು ಕಲ್ಲು ನೆಟ್ಟಿದ್ದರೆ ಆಗುತ್ತಿದ್ದುದಕ್ಕೂ, ಬೆಳಗೊಳದಲ್ಲೊಂದು ಕಲ್ಯದಲ್ಲೊಂದು ನೆಟ್ಟುದಕ್ಕೂ ಇರುವ ಅಂತರ ಇದೇ.

ಸೂಚಿಯ ಪ್ರತಿಗಳೆಲ್ಲ ಅಳಿದಿದ್ದರೆ ಕೊನೆಯ ಉಪಾಯವೊಂದಿದೆ. ಚಿತ್ರಕಡತಗಳಿಗೆ ನಿಯತವಾದ ಆರಂಭಚಿಹ್ನೆಯಿರುತ್ತದೆ, ಗ್ರಂಥದ ಆದಿಯಲ್ಲಿ ಮಂಗಲವಿರುವಂತೆ. ಫೋಟೊರೆಕ್ ಮೊದಲಾದ ಕ್ರಮವಿಧಿಗಳು ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಶೋಧಿಸಿ ಇಂತಹ ಚಿಹ್ನೆ ಕಂಡಲ್ಲೆಲ್ಲ ಒಂದು ಕಡತವನ್ನು ಎತ್ತಿಡುತ್ತವೆ. ತುಂಡುತುಂಡಾಗಿ ಹರಡಿದ್ದ ಕಡತಗಳು ಹೀಗೆ ಪೂರ್ಣವಾಗಿ ದೊರೆಯದೆ ಹೋಗಬಹುದು. ದೊರೆತವುಗಳಿಗಾದರೂ ಹೆಸರಿಲ್ಲ, ಬರಿಯ ಸಂಖ್ಯೆ. ಸಾವಿರಾರು ಗರಿಗಳ ಚಿತ್ರಗಳು ಅನಾಮಧೇಯವಾಗಿ ರಾಶಿ ಬಿದ್ದಾಗ ಅವನ್ನು ಗ್ರಂಥಗಳಾಗಿ ಕೂಡಿಸುವವರು ಯಂತ್ರಜ್ಞರಲ್ಲ, ಪಂಡಿತರು.

ಅವರಿಗೆ ಆಧಾರವಾಗುವುದು ಗರಿಯ ಅಂಚಿನ ಪತ್ರಸಂಖ್ಯೆ, ಪುಷ್ಪಿಕೆ, ಗ್ರಂಥಪ್ರಮಾಣ. ಚಿತ್ರ ತೆಗೆದ ಗಳಿಗೆಯೂ ಅನೇಕ ವೇಳೆ ಕಡತದೊಳಗೇ ದಾಖಲಾಗಿರುತ್ತದೆ. ಗರಿಗಳನ್ನು ಕ್ರಮವಾಗಿ ಚಿತ್ರಿಸಿದ್ದರೆ ಅದೂ ನೆರವಾಗುತ್ತದೆ. ಚಿತ್ರ ಅಂದವಾಗಿ ಕಾಣಲೆಂದು ಅಂಚನ್ನು ಕತ್ತರಿಸುವ ರೂಢಿ ಅಕ್ಷಮ್ಯ. ಲಿಪಿಕಾರನು ಅಲ್ಲಿ ಅಂಕೆ ಬರೆದುದು ಇಂತಹ ದಿನಕ್ಕಾಗಿಯೇ. ಗ್ರಂಥದ ಹೆಸರು, ಕಟ್ಟಿನ ಸಂಖ್ಯೆ, ಪತ್ರಸಂಖ್ಯೆಗಳನ್ನು ಬರೆದ ಚೀಟಿಯನ್ನು ಪ್ರತಿಯೊಂದು ಚಿತ್ರದೊಳಗೇ ಇರಿಸಿದರೆ, ಹೆಸರು ಅಳಿದರೂ ಗುರುತು ಅಳಿಯುವುದಿಲ್ಲ.

ಹೊಸ ಬಗೆಯ ಘನಸ್ಥಿತಿ ಡಿಸ್ಕುಗಳಲ್ಲಿ ಈ ಉಪಾಯವೂ ಬಹುಮಟ್ಟಿಗೆ ಸಾಗದು. ಅಳಿಸಿದ ಕಡತದ ಸ್ಥಳವನ್ನು ಅವು ಹಿಂದಿನಿಂದಲೇ ನಿಜವಾಗಿಯೂ ಬರಿದುಮಾಡಿಬಿಡುತ್ತವೆ.

ಉದ್ಧೃತವಾದ ಪಾಠ ಪೂರ್ಣವೇ, ಶುದ್ಧವೇ ಎಂಬ ಪರೀಕ್ಷೆ ಉಳಿಯುತ್ತದೆ. ಧವಲಾ ಟೀಕೆ 72,000, ಜಯಧವಲಾ 60,000 ಶ್ಲೋಕಪ್ರಮಾಣವೆಂಬ ಪರಂಪರೆಯ ಎಣಿಕೆ ಕೊರತೆಯನ್ನು ಹಿಡಿಯಬಲ್ಲುದು. ಗಣಕದಲ್ಲಿ ಕಡತದ ಅಕ್ಷರರಾಶಿಯಿಂದ ಲೆಕ್ಕಹಾಕಿಡುವ ಪರೀಕ್ಷಾಸಂಖ್ಯೆ ಇದಕ್ಕಿಂತ ಸೂಕ್ಷ್ಮ. ಒಂದಕ್ಷರ ಬದಲಾದರೂ ಅದು ಬೇರೆಯಾಗುತ್ತದೆ. ಆದರೆ ಮೊದಲ ನಕಲಿನಲ್ಲಿಯೇ ಆದ ಲೋಪವನ್ನು ಯಾವ ಸಂಖ್ಯೆಯೂ ತೋರಿಸಲಾರದು. ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಷಟ್ಖಂಡಾಗಮದ ಮೊದಲ ಸಂಪುಟ ಹೊರಬಂದಾಗ ಆಧಾರವಾಗಿದ್ದುದು ನಕಲಿನ ನಕಲುಗಳು. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ 'ಸಂಜದ' ಪದ ಅವುಗಳಲ್ಲಿರಲಿಲ್ಲ. ಅರ್ಥಸಂಗತಿಯಿಂದ ಅದು ಇರಬೇಕೆಂದು ಸಂಪಾದಕರು ಊಹಿಸಿದರು. ಚರ್ಚೆ ವರ್ಷಗಳವರೆಗೆ ನಡೆಯಿತು. ಮೂಡಬಿದಿರೆಯ ತಾಡಪತ್ರದೊಡನೆ ಹೋಲಿಸಿ ನೋಡಿದಾಗ ಪದ ಅಲ್ಲಿತ್ತು.